ಘಟಿಕೋತ್ಸವದ ಗೌನು ಮತ್ತು ನಮ್ಮ ದಸ್ತಾರು

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ, ಮಕ್ಕಾ ಮದೀನಾಗಳ ಪಟದ ಪಕ್ಕದಲ್ಲಿ, ಒಂದು ಫೋಟೋ ತೂಗುತ್ತಿದೆ. ಕಪ್ಪು ಗೌನು, ತಲೆಯ ಮೇಲೆ ಚೌಕ ಟೊಪ್ಪಿ, ಕೈಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಕಾಗದದ ಸುರುಳಿ, ಹಿಂದೆ ಪುಸ್ತಕದ ಕಪಾಟಿನ ಚಿತ್ರ ಬರೆದ ಪರದೆ. ಗೌನಿನೊಳಗೆ ಇರುವವರು ನಾವು. ಗೌನು ಮಾತ್ರ ನಮ್ಮದಲ್ಲ, ವಿಶ್ವವಿದ್ಯಾನಿಲಯದ್ದೂ ಅಲ್ಲ. ಅದು ಬಸ್‌ಸ್ಟ್ಯಾಂಡ್ ಹಿಂದಿನ ಸ್ಟುಡಿಯೋದ್ದು. ಘಟಿಕೋತ್ಸವಕ್ಕೆ ಹೋಗಲು ಬಸ್ಸಿನ ಖರ್ಚು, ಶುಲ್ಕ, ಗೌನಿನ ಬಾಡಿಗೆ ಎಲ್ಲವನ್ನೂ ಲೆಕ್ಕ ಹಾಕಿದ ಮೇಲೆ ಗೈರುಹಾಜರಿಯಲ್ಲಿ ಪದವಿ ಪಡೆಯುವ ಅರ್ಜಿ ತುಂಬಿದೆವು. ಪದವಿ ಪತ್ರ ಅಂಚೆಯಲ್ಲಿ ಬಂತು. ಅದು ಬಂದ ಸಂಜೆಯೇ ಅಬ್ಬಾ ನಮ್ಮನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಕೈಯಲ್ಲಿರುವ ಆ ಸುರುಳಿ ಹಿಂದಿನ ವರ್ಷದ ಕ್ಯಾಲೆಂಡರಿನ ಒಂದು ಹಾಳೆ. ಪದವಿ ಪತ್ರ ಇಂದಿಗೂ ಕಬ್ಬಿಣದ ಟ್ರಂಕಿನಲ್ಲಿದೆ. ಗೋಡೆ ಏರಿದ್ದು ಬಾಡಿಗೆಯ ಬಟ್ಟೆಯೇ.

ಇಂತಹ ಫೋಟೋಗಳು ನಮ್ಮ ಗಲ್ಲಿಯ ಬೇರೆ ಮನೆಗಳಲ್ಲೂ ಇದ್ದವು. ಎಲ್ಲದರಲ್ಲೂ ಅದೇ ಗೌನು. ಉದ್ದದವರಿಗೆ ಮೊಣಕಾಲಿನ ತನಕ, ಗಿಡ್ಡದವರಿಗೆ ಪಾದದ ತನಕ. ಈಗ ಕಾಲ ಬದಲಾಗಿದೆ. ಯುಕೆಜಿ ಮುಗಿಸಿದ ಮಕ್ಕಳಿಗೂ ‘ಗ್ರಾಜುಯೇಷನ್ ಡೇ’ ಎಂದು ಗೌನು ತೊಡಿಸುತ್ತಾರೆ. ಇನ್ನೂ ಅಆಇಈ ನೆಟ್ಟಗೆ ಬರೆಯಲಾರದ ಮಗುವಿನ ತಲೆಯ ಮೇಲೆ ಚೌಕ ಟೊಪ್ಪಿ ಕುಳಿತಿರುತ್ತದೆ. ಹಿಫ್ಜ್ ಮುಗಿಸಿದ ಹುಡುಗರಿಗೆ ದಸ್ತಾರಿನ ಬದಲು ಗೌನು ಹಾಕಿಸುವ ಸಮಾರಂಭಗಳನ್ನೂ ನಾವು ನೋಡಿದ್ದೇವೆ. ಕುರ್‌ಆನನ್ನು ಎದೆಯಲ್ಲಿ ಇರಿಸಿಕೊಂಡ ಹುಡುಗನಿಗೆ ಆಕ್ಸ್‌ಫರ್ಡಿನ ಅಂಗಿ ಏಕೆ ಬೇಕಾಯಿತು ಎಂದು ಅಲ್ಲಿನ ಒಬ್ಬ ಉಸ್ತಾದರನ್ನು ಕೇಳಿದೆವು. ‘ಇದು ನಮ್ಮದೇ ಉಡುಪು ಸಾಹೇಬ್ರೆ, ಅವರು ನಮ್ಮಿಂದ ತಗೊಂಡದ್ದು’ ಎಂದರು.

ಈ ಮಾತು ಹೊಸದೇನಲ್ಲ. ನಮ್ಮ ಶೈಕ್ಷಣಿಕ ಸಮಾವೇಶಗಳ ವೇದಿಕೆಗಳಲ್ಲಿ ಇದು ಬಹಳ ಕಾಲದಿಂದ ಓಡಾಡುತ್ತಿದೆ. ಗೌನು ಅರಬರ ಜುಬ್ಬಾ, ಚೌಕ ಟೊಪ್ಪಿಯ ಹಲಗೆ ಕುರ್‌ಆನನ್ನು ತಲೆಯ ಮೇಲೆ ಹೊರುವುದರ ಸಂಕೇತ, ಅದರ ಕುಚ್ಚು ಓದು ನಿಲ್ಲಿಸಿದ ಪುಟದ ಗುರುತಿನ ದಾರ ಎಂದು ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಚಪ್ಪಾಳೆ ತಟ್ಟಿದವರಲ್ಲಿ ನಾವೂ ಒಬ್ಬರಾಗಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಸೋತವರಿಗೆ ಅಜ್ಜನ ಆಸ್ತಿಯ ಕತೆ ಹಿತವಾಗಿರುತ್ತದೆ. ಆದರೆ ಆ ಕತೆ ಎಷ್ಟು ನಿಜ ಎಂದು ಒಮ್ಮೆಯಾದರೂ ಪರೀಕ್ಷಿಸಬೇಕಲ್ಲವೇ?

ಈ ವಾದದ ಹಿಂದೆ ಒಬ್ಬ ಗಂಭೀರ ವಿದ್ವಾಂಸರ ನೆರಳಿದೆ. ಜಾರ್ಜ್ ಮಕ್ದಿಸಿ 1981ರಲ್ಲಿ ‘ದಿ ರೈಸ್ ಆಫ್ ಕಾಲೇಜಸ್’ ಎಂಬ ಗ್ರಂಥ ಪ್ರಕಟಿಸಿದರು. ಹನ್ನೊಂದನೆಯ ಶತಮಾನದ ಬಗ್ದಾದಿನ ಮದ್ರಸಾಗಳ ಕಟ್ಟಳೆ, ವಕ್ಫಿನ ವ್ಯವಸ್ಥೆ, ವಾದ ವಿವಾದದ ಪದ್ಧತಿ, ಬೋಧಿಸಲು ಕೊಡುವ ಇಜಾಜತ್ ಇವುಗಳನ್ನೆಲ್ಲ ಎಳೆಎಳೆಯಾಗಿ ಬಿಡಿಸಿ, ಯುರೋಪಿನ ಕಾಲೇಜಿಗೂ ಅಲ್ಲಿನ ಬೋಧನಾ ಪರವಾನಗಿಗೂ ಇವುಗಳ ಜೊತೆ ಇರುವ ಹೋಲಿಕೆಯನ್ನು ತೋರಿಸಿದರು. ಅವರ ವಾದವನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಅದಿರಲಿ. ನಮ್ಮ ಭಾಷಣಕಾರರು ಬಿಟ್ಟುಬಿಡುವ ಒಂದು ಸಂಗತಿ ಮಕ್ದಿಸಿಯವರಲ್ಲೇ ಇದೆ. ಕಾಲೇಜು ಬೇರೆ, ವಿಶ್ವವಿದ್ಯಾನಿಲಯ ಬೇರೆ ಎಂದು ಅವರು ಸ್ಪಷ್ಟವಾಗಿ ಬೇರ್ಪಡಿಸುತ್ತಾರೆ. ಎರಡನೆಯದು ಯುರೋಪಿನಲ್ಲೇ ಹುಟ್ಟಿದ್ದು ಎನ್ನುತ್ತಾರೆ. ಲ್ಯಾಟಿನ್ನಿನ ‘ಯುನಿವರ್ಸಿತಾಸ್’ ಎಂದರೆ ಒಂದು ಸಂಘ, ಕಸುಬುದಾರರ ಕೂಟ. ಬಡಗಿಗಳು, ಚಿನಿವಾರರು ಸಂಘ ಕಟ್ಟಿಕೊಂಡಂತೆ ಪಾಠ ಹೇಳುವವರೂ ಕಟ್ಟಿಕೊಂಡರು. ಸಂಘ ಎಂದ ಮೇಲೆ ಅದಕ್ಕೊಂದು ಮುದ್ರೆ ಬೇಕು, ಸದಸ್ಯರನ್ನು ಹೊರಗಿನವರಿಂದ ಬೇರ್ಪಡಿಸುವ ಬಟ್ಟೆ ಬೇಕು.

ನಮ್ಮ ಮದ್ರಸಾದಲ್ಲಿ ಹಾಗಿರಲಿಲ್ಲ. ಇಜಾಜತ್ ಕೊಡುತ್ತಿದ್ದುದು ಮದ್ರಸಾ ಅಲ್ಲ, ಉಸ್ತಾದ್. ‘ಇಂಥ ಕಿತಾಬನ್ನು ಇವನು ನನ್ನೆದುರು ಓದಿದ್ದಾನೆ, ಇನ್ನೊಬ್ಬರಿಗೆ ಹೇಳಿಕೊಡಬಹುದು’ ಎಂದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಬಗ್ಗೆ ಕೊಡುವ ಸಾಕ್ಷಿ ಅದು. ವಿದ್ಯಾರ್ಥಿ ಯಾವ ಊರಿನ ಮದ್ರಸಾದಲ್ಲಿ ಓದಿದ ಎಂಬುದಕ್ಕಿಂತ ಯಾರ ಬಳಿ ಓದಿದ ಎಂಬುದು ಮುಖ್ಯವಾಗಿತ್ತು. ಸಂಸ್ಥೆಯೇ ಹಿನ್ನೆಲೆಯಲ್ಲಿ ಇರುವಾಗ ಸಂಸ್ಥೆಯ ಸಮವಸ್ತ್ರಕ್ಕೆ ಎಡೆಯೆಲ್ಲಿ?

ಇನ್ನು ಗೌನಿನ ವಂಶಾವಳಿಗೆ ಬರೋಣ. ಮಧ್ಯಯುಗದ ಯುರೋಪಿನಲ್ಲಿ ಓದುವವರೂ ಓದಿಸುವವರೂ ಬಹುಪಾಲು ಚರ್ಚಿನ ಮಂದಿ. ಪಾದ್ರಿಗಳು ಮುಚ್ಚಿದ ನಿಲುವಂಗಿಯನ್ನೇ ತೊಡಬೇಕೆಂದು 1222ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಆಕ್ಸ್‌ಫರ್ಡಿನಲ್ಲಿ ಸೇರಿಸಿದ ಧರ್ಮಸಭೆ ಕಟ್ಟಳೆ ಮಾಡಿತು. ಪಾದ್ರಿಗಳು ಕ್ರಮೇಣ ಆ ಅಂಗಿಯನ್ನು ಕಳಚಿದರು, ವಿಶ್ವವಿದ್ಯಾನಿಲಯಗಳು ಉಳಿಸಿಕೊಂಡವು. ಬೆನ್ನ ಮೇಲೆ ಬಣ್ಣಬಣ್ಣದ ರೇಷ್ಮೆಯಾಗಿ ಇಳಿಬಿದ್ದಿರುವ ‘ಹುಡ್’ ಮೊದಲು ಚಳಿ ಮಳೆಗೆ ತಲೆಗೆಳೆದುಕೊಳ್ಳುತ್ತಿದ್ದ ಕುಲಾವಿ. ತಣ್ಣನೆಯ ಕಲ್ಲಿನ ಕಟ್ಟಡಗಳಲ್ಲಿ ಕುಳಿತು ಓದುವವರಿಗೆ ಅದು ಅಗತ್ಯವಾಗಿತ್ತು. ಅದನ್ನು ನಾವು ಮಾರ್ಚ್ ತಿಂಗಳ ಕಲಬುರಗಿಯಲ್ಲಿ, ರಾಯಚೂರಿನಲ್ಲಿ ತೊಟ್ಟು ಬೆವರುತ್ತೇವೆ. ಚೌಕ ಟೊಪ್ಪಿಯೂ ಚರ್ಚಿನ ಟೊಪ್ಪಿಯಿಂದಲೇ ಬೆಳೆದದ್ದು. ಅದರ ಇಂಗ್ಲಿಷ್ ಹೆಸರು ‘ಮಾರ್ಟರ್‌ಬೋರ್ಡ್’. ಎಂದರೆ ಗಾರೆ ಕೆಲಸದವನು ಗಾರೆ ಇಟ್ಟುಕೊಳ್ಳುವ ಹಲಗೆ. ನಮ್ಮವರಲ್ಲಿ ಗಾರೆ ಕೆಲಸ ಮಾಡಿ ಮಕ್ಕಳನ್ನು ಓದಿಸಿದ ತಂದೆಯರು ಎಷ್ಟೋ ಮಂದಿ ಇದ್ದಾರೆ. ಮಗ ತಲೆಯ ಮೇಲಿಟ್ಟುಕೊಂಡು ಫೋಟೋ ತೆಗೆಸುವುದು ತಮ್ಮ ಹಲಗೆಯ ಹೆಸರನ್ನೇ ಎಂದು ತಿಳಿದರೆ ಅವರು ನಕ್ಕಾರು. ಕುರ್‌ಆನನ್ನು ಹೊರುವ ಹಲಗೆ ಎಂಬ ಕತೆಗಿಂತ ಈ ನಿಜವೇ ನಮಗೆ ಹೆಚ್ಚು ಗೌರವದ್ದೆಂದು ತೋರುತ್ತದೆ.

ಹಾಗಾದರೆ ನಮ್ಮ ಪರಂಪರೆಯಲ್ಲಿ ವಿದ್ವಾಂಸರಿಗೆ ವಿಶೇಷ ಉಡುಪು ಇರಲಿಲ್ಲವೇ? ಇತ್ತು. ಅದರ ಕತೆ ವೇದಿಕೆಯಲ್ಲಿ ಹೇಳುವಷ್ಟು ಸಿಹಿಯಾಗಿಲ್ಲ. ಉಲಮಾಗಳಿಗೆ ಜನಸಾಮಾನ್ಯರಿಗಿಂತ ಬೇರೆಯಾದ ಉಡುಪನ್ನು ಮೊದಲು ರೂಢಿಗೆ ತಂದವರು ಖಾಝಿ ಅಬೂ ಯೂಸುಫ್ ಎಂದು ಇಬ್ನ್ ಖಲ್ಲಿಕಾನ್ ತಮ್ಮ ಚರಿತ್ರಕೋಶದಲ್ಲಿ ದಾಖಲಿಸಿದ್ದಾರೆ. ಅಬೂ ಯೂಸುಫ್ ಖಲೀಫಾ ಹಾರೂನ್ ರಶೀದರ ಕಾಲದ ಮುಖ್ಯ ನ್ಯಾಯಾಧೀಶರು, 798ರಲ್ಲಿ ತೀರಿಕೊಂಡವರು. ಅವರ ಗುರು ಯಾರು? ಇಮಾಮ್ ಅಬೂ ಹನೀಫಾ. ಕೂಫಾದ ಬಟ್ಟೆ ವ್ಯಾಪಾರಿ. ಖಲೀಫಾ ಮನ್ಸೂರ್ ನ್ಯಾಯಾಧೀಶನ ಹುದ್ದೆ ಕೊಟ್ಟಾಗ ಒಲ್ಲೆನೆಂದು ಸೆರೆಮನೆ ಸೇರಿದವರು. 767ರಲ್ಲಿ ತೀರಿಕೊಂಡರು. ಬಟ್ಟೆಯ ಮರ್ಮ ಬಲ್ಲ ಗುರು ಹುದ್ದೆಯನ್ನೇ ತೊಡಲಿಲ್ಲ. ಶಿಷ್ಯ ಹುದ್ದೆಯನ್ನು ತೊಟ್ಟು, ಆ ಹುದ್ದೆಗೊಂದು ಬಟ್ಟೆಯನ್ನೂ ಹೊಲಿಸಿದ. ಅಬೂ ಯೂಸುಫರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ತೆರಿಗೆಯ ಬಗ್ಗೆ ಖಲೀಫಾನಿಗೆ ಬುದ್ಧಿ ಹೇಳಿ ಗ್ರಂಥ ಬರೆದವರು ಅವರು. ಆದರೆ ವಿದ್ವಾಂಸ ಜನರಿಂದ ಬೇರೆಯಾಗಿ ಕಾಣತೊಡಗಿದ್ದು ಅವನು ಅರಮನೆಯ ಸಂಬಳಕ್ಕೆ ಸೇರಿದ ಕಾಲದಲ್ಲೇ ಎಂಬುದನ್ನು ಕಾಣದೆ ಇರುವುದು ಹೇಗೆ?

ಅರಮನೆ ಬಟ್ಟೆ ಕೊಡುವುದಕ್ಕೆ ನಮ್ಮಲ್ಲಿ ಇನ್ನೊಂದು ಹೆಸರೂ ಇದೆ, ಖಿಲ್ಲತ್ತು. ಕನ್ನಡಿಗರಿಗೂ ಗೊತ್ತಿರುವ ಮಾತು. ಸುಲ್ತಾನ ಕೊಟ್ಟ ನಿಲುವಂಗಿಯನ್ನು ಹೆಗಲ ಮೇಲೆ ಹಾಕಿಸಿಕೊಂಡವನು ಗೌರವ ಪಡೆದ, ಅದರ ಜೊತೆಗೆ ಅಧೀನನೂ ಆದ. ಇಂದು ಚುನಾವಣೆ ಗೆದ್ದವರಿಗೂ ಗಣಿ, ಗುತ್ತಿಗೆಯ ಧಣಿಗಳಿಗೂ ‘ಗೌರವ ಡಾಕ್ಟರೇಟ್’ ಕೊಟ್ಟು ಕೆಂಪು ಗೌನು ಹೊದಿಸುವುದನ್ನು ನೋಡುವಾಗ ನಮಗೆ ಖಿಲ್ಲತ್ತಿನ ನೆನಪಾಗುತ್ತದೆ. ಒಂದೇ ವ್ಯತ್ಯಾಸ. ಇಲ್ಲಿ ಕೊಡುವವರೇ ಅಧೀನರು.

ಇವೆರಡಕ್ಕೂ ಸೇರದ ಒಂದು ಪ್ರಸಂಗ ನಮ್ಮ ಪರಂಪರೆಯಲ್ಲಿದೆ. ಕವಿ ಕಅಬ್ ಇಬ್ನ್ ಝುಹೈರ್ ಪ್ರವಾದಿಯವರನ್ನು(ಸ) ಹಿಂದೆ ನಿಂದಿಸಿ ಹಾಡಿದ್ದವನು. ಕ್ಷಮೆ ಬೇಡಿ ಬಂದು ಕವಿತೆ ಹೇಳಿದಾಗ ಪ್ರವಾದಿಯವರು ತಮ್ಮ ಹೆಗಲ ಮೇಲಿದ್ದ ಹೊದಿಕೆಯನ್ನೇ ತೆಗೆದು ಅವನಿಗೆ ಹೊದಿಸಿದರು ಎಂದು ಹೇಳುತ್ತಾರೆ. ಹೊದಿಕೆಗೆ ಬಣ್ಣದ ಸಂಹಿತೆ ಇರಲಿಲ್ಲ, ಅಳತೆ ಇರಲಿಲ್ಲ. ಕೊಟ್ಟವರ ಮೈಯ ಬಿಸಿ ಮಾತ್ರ ಅದರಲ್ಲಿತ್ತು.

ನಾವು ಕಂಡ ದಸ್ತಾರ್‌ಬಂದಿಗಳಲ್ಲಿ ಆ ಬಿಸಿ ಒಂದಿಷ್ಟು ಉಳಿದಿದೆ. ಓದದವರಿಗಾಗಿ ಹೇಳುವುದಾದರೆ, ಅರಬಿ ಮದ್ರಸಾದಲ್ಲಿ ಹಿಫ್ಜ್ ಅಥವಾ ಆಲಿಮ್ ಶಿಕ್ಷಣ ಮುಗಿಸಿದವನ ತಲೆಗೆ ಹಿರಿಯ ಉಸ್ತಾದರು ಬಿಳಿಯ ಬಟ್ಟೆಯನ್ನು ಸುತ್ತಿ ಕಟ್ಟುವ ವಿಧಿ ಇದು. ಕರಾವಳಿಯಲ್ಲಿ ‘ಸನದುದಾನ’ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಹುಡುಗ ತಲೆ ತಗ್ಗಿಸಿ ಕೂರುತ್ತಾನೆ. ಉಸ್ತಾದರ ಕೈ ಒಂದೊಂದು ಸುತ್ತನ್ನೂ ಬಿಗಿ ಮಾಡುತ್ತ ಹೋಗುತ್ತದೆ. ಕೆಲವೆಡೆ ಮೂರು ನಾಲ್ಕು ಮಂದಿ ಹಿರಿಯರು ಒಂದೊಂದು ಸುತ್ತು ಹಾಕುವುದೂ ಉಂಟು. ಹಿಂದಿನ ಸಾಲಿನಲ್ಲಿ ತಂದೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾನೆ. ಆ ಬಟ್ಟೆಯನ್ನು ಸಂಜೆ ನಾಲ್ಕರೊಳಗೆ ವಾಪಸು ಕೊಡಬೇಕಾಗಿಲ್ಲ. ಅವನ ಪೆಟ್ಟಿಗೆಯಲ್ಲಿ ಅದು ಕೊನೆಯತನಕ ಇರುತ್ತದೆ.

ಹೀಗೆಂದು ದಸ್ತಾರನ್ನು ಹಾಡಿ ಹೊಗಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಮ್ಮ ಸಮಾರಂಭಗಳ ಪೋಸ್ಟರುಗಳನ್ನು ನೋಡಿ. ದಸ್ತಾರು ಕಟ್ಟಿಸಿಕೊಳ್ಳುವ ಹುಡುಗರ ಹೆಸರು ಅಡಿಯಲ್ಲಿ ಸಣ್ಣಕ್ಷರದಲ್ಲಿ, ಅತಿಥಿಗಳ ಬಿರುದಾವಳಿ ಅರ್ಧ ಪೋಸ್ಟರು. ಹುಡುಗಿಯರ ಮದ್ರಸಾಗಳಲ್ಲಿ ಕೆಲವೆಡೆ ‘ರಿದಾಪೋಶಿ’ ಎಂದು ಚಾದರ ಹೊದಿಸುತ್ತಾರೆ. ಒಳ್ಳೆಯದೇ. ಆದರೆ ಹುಡುಗನ ದಸ್ತಾರು ಅವನನ್ನು ಮಿಂಬರಿಗೆ ಕರೆದೊಯ್ಯುತ್ತದೆ. ಹುಡುಗಿಯ ಚಾದರ ಅವಳನ್ನು ಎಲ್ಲಿಗೆ ಕರೆದೊಯ್ಯುತ್ತದೆ? ಅವಳಿಗೆ ಕಲಿಸಲು ಒಂದು ಕೋಣೆ, ತಿಂಗಳಿಗೊಂದು ಮರ್ಯಾದೆಯ ಸಂಬಳ ಕೊಡುವ ಮಾತು ಬಂದಾಗ ವೇದಿಕೆ ಮೌನವಾಗುತ್ತದೆ.

ಈ ಮಾತಿನಲ್ಲಿ ಪಶ್ಚಿಮದವರೇನೂ ನಮಗಿಂತ ಮುಂದಿರಲಿಲ್ಲ. ಗೌನು ಎಲ್ಲರನ್ನೂ ಸಮಾನರನ್ನಾಗಿಸುತ್ತದೆ, ಒಳಗಿನ ಹರಕು ಅಂಗಿಯನ್ನು ಮುಚ್ಚುತ್ತದೆ ಎಂದು ಅದನ್ನು ಮೆಚ್ಚುವವರು ಹೇಳುವುದುಂಟು. ಮೊದಲು ಗೌನು ಸಿಗಬೇಕಲ್ಲ! ಆಕ್ಸ್‌ಫರ್ಡು ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದು 1920ರಲ್ಲಿ. ಕೇಂಬ್ರಿಜ್ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ. ಅಲ್ಲಿಯವರೆಗೆ ಪಾಠ ಕೇಳಿ, ಪರೀಕ್ಷೆ ಬರೆದು, ಗಂಡಸರನ್ನು ಮೀರಿಸುವ ಅಂಕ ಪಡೆದರೂ ಅವರಿಗೆ ಗೌನಿನ ಹಕ್ಕಿರಲಿಲ್ಲ. 1904ರಿಂದ 1907ರವರೆಗೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಇಂತಹವರಿಗೆ ಪದವಿ ಕೊಡುತ್ತಿತ್ತು. ಅದಕ್ಕಾಗಿ ಅವರು ಹಡಗು ಹತ್ತಿ ಐರ್ಲೆಂಡಿಗೆ ಹೋಗುತ್ತಿದ್ದರು. ‘ಉಗಿಹಡಗಿನ ಹೆಂಗಸರು’ ಎಂಬ ಹೆಸರೇ ಬಿತ್ತು. ನಮ್ಮ ದೇಶದ ಕಾರ್ನೇಲಿಯಾ ಸೊರಾಬ್ಜಿ 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದವರು. ಪದವಿ ಕೈಗೆ ಬಂದದ್ದು 1922ರಲ್ಲಿ. ಮೂವತ್ತು ವರ್ಷ! ಕಲ್ಕತ್ತಾ ವಿಶ್ವವಿದ್ಯಾನಿಲಯ 1883ರ ಹೊತ್ತಿಗೇ ಕಾದಂಬಿನಿ ಮತ್ತು ಚಂದ್ರಮುಖಿ ಎಂಬ ಇಬ್ಬರು ಯುವತಿಯರಿಗೆ ಪದವಿ ಕೊಟ್ಟಿತ್ತು. ಯಜಮಾನನ ಮನೆಯಲ್ಲಿ ಸಿಗದ್ದು ವಸಾಹತಿನಲ್ಲಿ ಸಿಕ್ಕ ಅಪರೂಪದ ಉದಾಹರಣೆ ಇದು.

ವಸಾಹತಿನ ಮಾತು ಬಂತು. 1857ರಲ್ಲಿ, ಒಂದು ಕಡೆ ಸಿಪಾಯಿಗಳು ದಂಗೆಯೇಳುತ್ತಿದ್ದ ವರ್ಷದಲ್ಲೇ, ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಲಂಡನ್ ಮಾದರಿಯ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಗೌನೂ ಅದೇ ಹಡಗಿನಲ್ಲಿ ಬಂತು. ಸರ್ ಸಯ್ಯದ್ ಅಹ್ಮದ್ ಖಾನರು 1869–70ರಲ್ಲಿ ಇಂಗ್ಲೆಂಡಿನಲ್ಲಿದ್ದು ಕೇಂಬ್ರಿಜನ್ನು ಕಣ್ಣಾರೆ ಕಂಡು ಬಂದವರು. ಅವರು ಕಟ್ಟಿದ ಅಲಿಘಡದ ಕಾಲೇಜಿನ ಹುಡುಗರ ಮೈಮೇಲೆ ಬಂದದ್ದು ಕಪ್ಪು ತುರ್ಕಿ ಕೋಟು, ತಲೆಯ ಮೇಲೆ ಕೆಂಪು ತುರ್ಕಿ ಟೋಪಿ. ಇಂಗ್ಲಿಷರಂತೆ ಓದಬೇಕು, ಇಂಗ್ಲಿಷರಂತೆ ಕಾಣಬಾರದು. ತುರ್ಕರಂತೆ ಕಂಡರೆ ಆಧುನಿಕರೂ ಆದಂತಾಯಿತು, ಮುಸಲ್ಮಾನರೂ ಆಗಿ ಉಳಿದಂತಾಯಿತು ಎಂಬ ಲೆಕ್ಕಾಚಾರ. ಮುಂದೆ ಅದರ ಜಾಗಕ್ಕೆ ಕಪ್ಪು ಶೇರವಾನಿ ಬಂತು. ಆದರೆ ಆ ತುರ್ಕಿ ಟೋಪಿಯ ಹಣೆಬರಹ ನೋಡಿ. ಸುಲ್ತಾನ್ ಎರಡನೆಯ ಮಹಮೂದ್ 1829ರಲ್ಲಿ ರುಮಾಲು ತೆಗೆಸಿ ತನ್ನ ಅಧಿಕಾರಿಗಳ ತಲೆಗೆ ಅದನ್ನು ಕಡ್ಡಾಯ ಮಾಡಿದ. ಆಧುನಿಕತೆಯ ಹೆಸರಿನಲ್ಲಿ. ಮುಸ್ತಫಾ ಕೆಮಾಲ್ 1925ರಲ್ಲಿ ಅದನ್ನೇ ನಿಷೇಧಿಸಿ ಹ್ಯಾಟು ಹಾಕಿಸಿದ. ಅದೂ ಆಧುನಿಕತೆಯ ಹೆಸರಿನಲ್ಲೇ. ಹ್ಯಾಟನ್ನು ವಿರೋಧಿಸಿ ಕಿರುಹೊತ್ತಗೆ ಬರೆದಿದ್ದ ಇಸ್ಕಿಲಿಪ್ಲಿ ಆತಿಫ್ ಹೋಜಾ ಎಂಬ ವಿದ್ವಾಂಸರನ್ನು 1926ರಲ್ಲಿ ಗಲ್ಲಿಗೇರಿಸಿದರು. ತಲೆಯ ಮೇಲೆ ಏನಿರಬೇಕೆಂದು ಸರಕಾರ ನಿರ್ಧರಿಸತೊಡಗಿದರೆ ತಲೆಯೇ ಉಳಿಯುವುದಿಲ್ಲ.

ಅಲಿಘಡದಿಂದ ಬನಾರಸಿಗೆ ಬಂದರೆ 1916ರ ಫೆಬ್ರವರಿ. ಹಿಂದೂ ವಿಶ್ವವಿದ್ಯಾನಿಲಯದ ಪ್ರಾರಂಭೋತ್ಸವ. ವೈಸರಾಯ್ ಹಾರ್ಡಿಂಜ್ ಬಂದು ಅಡಿಗಲ್ಲು ಹಾಕಿದ್ದಾರೆ, ಮೈತುಂಬ ಒಡವೆ ಹೇರಿಕೊಂಡ ಮಹಾರಾಜರು ಕುಳಿತಿದ್ದಾರೆ. ದಕ್ಷಿಣ ಆಫ್ರಿಕದಿಂದ ಹಿಂದಿನ ವರ್ಷವಷ್ಟೇ ಬಂದಿದ್ದ ಗಾಂಧೀಜಿ ಎದ್ದು ನಿಂತು, ಈ ಒಡವೆಗಳನ್ನು ಕಳಚಿ ಬಡವರ ಪರವಾಗಿ ಒತ್ತೆಯಿಡುವವರೆಗೆ ದೇಶಕ್ಕೆ ಬಿಡುಗಡೆಯಿಲ್ಲ ಎಂಬರ್ಥದ ಮಾತನಾಡಿದರು. ಆನಿ ಬೆಸೆಂಟರು ತಡೆದರು, ರಾಜರು ಎದ್ದು ಹೋದರು. ವಿಶ್ವವಿದ್ಯಾನಿಲಯದ ಸಮಾರಂಭದಲ್ಲಿ ಯಾರು ಏನು ತೊಟ್ಟಿದ್ದಾರೆ ಎಂಬುದನ್ನು ಈ ದೇಶದಲ್ಲಿ ಇಷ್ಟು ನೇರವಾಗಿ ಟೀಕಿಸಿದ ಇನ್ನೊಂದು ಭಾಷಣ ನಮಗೆ ಗೊತ್ತಿಲ್ಲ.

ಅದೇ 1916ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾಯಿತು. 1918ರಲ್ಲಿ ಮೊದಲ ಪದವಿ ಪ್ರದಾನ ನಡೆಯಿತು. ಬಟ್ಟೆ ಇಂಗ್ಲಿಷರದ್ದೇ ಇರಲಿ, ಕನ್ನಡ ಅದಕ್ಕೊಂದು ಚೆಂದದ ಹೆಸರು ಹುಡುಕಿಕೊಂಡಿತು, ‘ಘಟಿಕೋತ್ಸವ’. ಉರ್ದುವಿನಲ್ಲಿ ನಾವು ‘ಜಲ್ಸಾ ಏ ತಖ್ಸೀಮೆ ಅಸ್ನಾದ್’ ಎನ್ನುತ್ತೇವೆ, ಪ್ರಮಾಣಪತ್ರ ಹಂಚುವ ಸಭೆ ಎಂದಷ್ಟೇ ಅರ್ಥ. ಕನ್ನಡದ ಮಾತಿನಲ್ಲಿ ಒಂದು ಕತೆಯೇ ಅಡಗಿದೆ. ಘಟಿಕೆ ಎಂದರೆ ಪ್ರಾಚೀನ ವಿದ್ಯಾಸ್ಥಾನ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನದಲ್ಲಿ ಅದು ಬರುತ್ತದೆ. ಮಯೂರಶರ್ಮ ಎಂಬ ಬ್ರಾಹ್ಮಣ ತರುಣ ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ ಅವಮಾನಿತನಾಗುತ್ತಾನೆ. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ಬಂದು ಕದಂಬ ರಾಜ್ಯ ಕಟ್ಟುತ್ತಾನೆ. ಅಂದರೆ ಕನ್ನಡದ ಮೊದಲ ರಾಜವಂಶ ಹುಟ್ಟಿದ್ದೇ ಘಟಿಕೆಯಲ್ಲಿ ಓದು ಮುಗಿಸಲಾರದೆ ಹೊರಬಂದ ಒಬ್ಬ ವಿದ್ಯಾರ್ಥಿಯಿಂದ! ಪ್ರತಿವರ್ಷ ನಾವು ‘ಘಟಿಕೋತ್ಸವ’ ಎನ್ನುವಾಗ ಇದು ಯಾರ ನೆನಪಿಗಾದರೂ ಬರುತ್ತದೆಯೇ? ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ ತನ್ನ ಸಮಾರಂಭವನ್ನು ‘ನುಡಿಹಬ್ಬ’ ಎಂದಿತು, ಗೌರವ ಪದವಿಯನ್ನು ‘ನಾಡೋಜ’ ಎಂದಿತು. ಡಾಕ್ಟರು ಎಂಬ ಲ್ಯಾಟಿನ್ ಮಾತಿಗೂ ಮೊದಲ ಅರ್ಥ ಕಲಿಸುವವನು ಎಂದೇ. ಓಜನೂ ಅವನೇ. ಇಂತಹ ಅನುವಾದಗಳ ಬಗ್ಗೆ ನಮಗೆ ಗೌರವವಿದೆ.

ಶಾಂತಿನಿಕೇತನದ್ದು ಇನ್ನೂ ಸರಳ. ಅಲ್ಲಿ ಪದವೀಧರರಿಗೆ ಸಪ್ತಪರ್ಣಿಯ ಎಲೆ ಕೊಡುವ ಸಂಪ್ರದಾಯ ಬೆಳೆಯಿತು. ನಮ್ಮ ಹಾಲೆ ಮರ ಅದು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕಷಾಯ ಕುಡಿಯುವ ಪಾಲೆ. ಅದರ ಹಲಗೆಯಿಂದ ಹಿಂದೆ ಮಕ್ಕಳು ಬರೆಯುವ ಪಾಟಿ ಮಾಡುತ್ತಿದ್ದರು. ಅದಕ್ಕೇ ಸಸ್ಯಶಾಸ್ತ್ರದವರು ಅದರ ಹೆಸರಿಗೆ ‘ಸ್ಕೊಲಾರಿಸ್’ ಎಂದು ಸೇರಿಸಿದರು. 1940ರ ಆಗಸ್ಟಿನಲ್ಲಿ ಆಕ್ಸ್‌ಫರ್ಡ್ ತಾನೇ ಶಾಂತಿನಿಕೇತನಕ್ಕೆ ನಡೆದು ಬಂದು ಟಾಗೋರರಿಗೆ ಡಾಕ್ಟರೇಟ್ ಕೊಟ್ಟಿತು. ಅವರು ಲ್ಯಾಟಿನ್ನಿನಲ್ಲಿ ಬಿನ್ನವತ್ತಳೆ ಓದಿದರು, ಕವಿ ಸಂಸ್ಕೃತದಲ್ಲಿ ಉತ್ತರಿಸಿದರು. ಇದಕ್ಕಿಂತ ಮೆಲುವಾದ ಜಗಳವನ್ನು ನಾವು ಓದಿಲ್ಲ.

ಇತ್ತೀಚಿನ ಜಗಳಗಳು ಅಷ್ಟು ಮೆಲುವಾಗಿಲ್ಲ. 2010ರ ಏಪ್ರಿಲಿನಲ್ಲಿ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ವೇದಿಕೆಯ ಮೇಲೆಯೇ ಗೌನು ಕಳಚಿ, ಇದು ವಸಾಹತುಶಾಹಿಯ ಅನಾಗರಿಕ ಪಳೆಯುಳಿಕೆ ಎಂದರು. ಯುಜಿಸಿ 2015ರಲ್ಲಿ, ಮತ್ತೆ 2019ರಲ್ಲಿ, ಘಟಿಕೋತ್ಸವಕ್ಕೆ ಕೈಮಗ್ಗದ ಉಡುಪು ಬಳಸಿರೆಂದು ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಕಪ್ಪು ಗೌನು ಟೊಪ್ಪಿ ಬಿಟ್ಟು ಆಯಾ ರಾಜ್ಯದ ಪರಂಪರೆಗೆ ತಕ್ಕ ಭಾರತೀಯ ಉಡುಪು ರೂಪಿಸಿರೆಂದು ಸೂಚಿಸಿತು. ಗೌನು ಹೋದರೆ ನಾವೇನೂ ಅಳುವವರಲ್ಲ. ಕೈಮಗ್ಗಕ್ಕೆ ನಾಲ್ಕು ಕಾಸು ಸಿಕ್ಕರೆ ಸಂತೋಷ. ನಮ್ಮ ತಕರಾರು ಬೇರೆ. ‘ಭಾರತೀಯ’ ಎಂಬುದರ ಅಳತೆ ಪಟ್ಟಿ ಯಾರ ಕೈಯಲ್ಲಿದೆ? ಉತ್ತರೀಯ ಭಾರತೀಯ, ಪೇಟ ಭಾರತೀಯ. ಸರಿ. ಅಲಿಘಡದ ಶೇರವಾನಿ? ನೆಹರೂ, ರಾಜೇಂದ್ರ ಪ್ರಸಾದರು ತೊಟ್ಟ ಬಂದ್‌ಗಲಾ ಅದರ ಬಂಧುವೇ ಅಲ್ಲವೇ? ಮೈಸೂರು ಪೇಟ ಭಾರತೀಯವಾದರೆ ಮದ್ರಸಾದ ದಸ್ತಾರು ಯಾವ ದೇಶದ್ದು? ಎರಡೂ ತಲೆಗೆ ಸುತ್ತುವ ಬಟ್ಟೆಗಳೇ. ಇನ್ನು, ಆ ಜರಿಯ ಉತ್ತರೀಯ ಬನಾರಸಿನದಾದರೆ ಅದನ್ನು ನೇಯ್ದ ಕೈ ಬಹುಮಟ್ಟಿಗೆ ಅನ್ಸಾರಿಗಳದ್ದು, ಕಬೀರರ ಕಸುಬಿನವರದ್ದು. ನೇಯ್ದವನ ಮಗ ಅದನ್ನು ಹೊದೆಯುವ ವೇದಿಕೆ ಏರುತ್ತಾನೆಯೇ ಎಂಬುದು ಯಾವ ಸುತ್ತೋಲೆಯಲ್ಲೂ ಇಲ್ಲ. 2001ರ ಜನಗಣತಿಯನ್ನು ಆಧರಿಸಿ ಸಾಚಾರ್ ಸಮಿತಿ 2006ರಲ್ಲಿ ಹೇಳಿದ್ದನ್ನು ನಾವು ಮರೆತಿಲ್ಲ. ಇಪ್ಪತ್ತು ವರ್ಷ ದಾಟಿದ ಭಾರತೀಯರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇಕಡಾ 7ರಷ್ಟು. ಮುಸ್ಲಿಮರಲ್ಲಿ ಅದು 4ಕ್ಕೂ ಕಡಿಮೆ. ಗೌನು ನಮ್ಮ ಅಜ್ಜಂದಿರದ್ದು ಎಂದು ಚಪ್ಪಾಳೆ ತಟ್ಟಿದ ಸಭೆಯಲ್ಲಿ ನೂರಕ್ಕೆ ಎಷ್ಟು ಮಂದಿ ಅದನ್ನು ತೊಟ್ಟಿದ್ದರು?

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಸರಕಾರಿ ಆದೇಶ ಬಂತು. ಕಾಲೇಜು ಗೇಟುಗಳ ಮುಂದೆ ಹುಡುಗಿಯರು ತಲೆವಸ್ತ್ರ ತೆಗೆಯಬೇಕೋ ಮನೆಗೆ ಮರಳಬೇಕೋ ಎಂದು ನಿಂತ ದಿನಗಳವು. ಮಾರ್ಚ್ 10ರಂದು ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ರಾಯಚೂರಿನ ಮುಸ್ಲಿಮ್ ವಿದ್ಯಾರ್ಥಿನಿಯೊಬ್ಬಳು ಎಂಜಿನಿಯರಿಂಗಿನಲ್ಲಿ 16 ಚಿನ್ನದ ಪದಕ ಪಡೆದಳು. ಐದು ದಿನ ಕಳೆದು, ಮಾರ್ಚ್ 15ರಂದು, ಹೈಕೋರ್ಟಿನ ತೀರ್ಪು ಆದೇಶವನ್ನು ಎತ್ತಿ ಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ಚರ್ಚೆಯಲ್ಲಿ ಪದೇ ಪದೇ ಕೇಳಿದ ಮಾತು, ವಿದ್ಯಾಸ್ಥಾನದಲ್ಲಿ ಎಲ್ಲರೂ ಒಂದೇ ಬಗೆಯ ಬಟ್ಟೆ ತೊಡಬೇಕು, ಬಟ್ಟೆಯಿಂದ ಭೇದ ಕಾಣಬಾರದು ಎಂಬುದು. ಆದರೆ ವಿದ್ಯಾಸ್ಥಾನದ ಅತ್ಯುನ್ನತ ಸಮಾರಂಭವೇ ಭೇದವನ್ನು ಬಟ್ಟೆಯಲ್ಲಿ ಬರೆದು ತೋರಿಸುವಂಥದ್ದು! ಕಲೆಗೆ ಒಂದು ಬಣ್ಣ, ವಿಜ್ಞಾನಕ್ಕೆ ಒಂದು ಬಣ್ಣ, ಡಾಕ್ಟರೇಟಿಗೆ ಇನ್ನೊಂದು, ಕುಲಪತಿಗೆ ಜರಿ. ಅಮೆರಿಕದವರು 1895ರಲ್ಲಿ ಸಭೆ ಸೇರಿ ಯಾವ ವಿಷಯಕ್ಕೆ ಯಾವ ಬಣ್ಣ ಎಂಬ ಸಂಹಿತೆಯನ್ನೇ ಬರೆದುಕೊಂಡರು. ತಲೆಯನ್ನು ಮುಚ್ಚುವುದಂತೂ ಅಲ್ಲಿ ಗೌರವದ ಗುರುತು. ಒಂದೂವರೆ ಮೊಳದ ತಲೆವಸ್ತ್ರ ಏಕತೆಗೆ ಭಂಗ ತರುತ್ತದೆ, ಚರ್ಚಿನಿಂದ ಇಳಿದು ಬಂದ ಟೊಪ್ಪಿ ತರುವುದಿಲ್ಲ ಎಂಬ ತರ್ಕ ನಮಗೆ ಇಂದಿಗೂ ದಕ್ಕಿಲ್ಲ. ಇದರೊಂದಿಗೆ ನಮ್ಮವರಿಗೂ ಒಂದು ಮಾತು ಹೇಳಬೇಕು. ಆ ದಿನಗಳಲ್ಲಿ ಹುಡುಗಿಯರ ತಲೆವಸ್ತ್ರಕ್ಕಾಗಿ ಗಂಟಲು ಹರಿದುಕೊಂಡ ಎಷ್ಟೋ ಮನೆಗಳಲ್ಲಿ, ಕಾಲೇಜು ಬಿಟ್ಟ ಮಗಳಿಗೆ ಬೇರೆ ಕಾಲೇಜು ಹುಡುಕುವ ಮೊದಲು ವರ ಹುಡುಕಿದರು.

ಕಳೆದ ವರ್ಷ ನಮ್ಮ ಅಕ್ಕನ ಮಗಳ ಘಟಿಕೋತ್ಸವಕ್ಕೆ ಹೋಗಿದ್ದೆವು. ಅಕ್ಕ ಏಳನೆಯ ಜಮಾಅತಿನವರೆಗೆ ಉರ್ದು ಓದಿದವಳು. ಊರಿನಿಂದ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಸಭಾಂಗಣದೊಳಗೆ ಒಬ್ಬರಿಗೆ ಒಂದೇ ಪಾಸು, ಆದ್ದರಿಂದ ಅವಳು ಒಳಗೆ, ನಾವು ಹೊರಗೆ ಮರದ ಕೆಳಗೆ. ಕಾರ್ಯಕ್ರಮ ಮುಗಿದ ಮೇಲೆ ಹುಡುಗಿ ಗೌನಿನ ಅಂಚು ಎತ್ತಿ ಹಿಡಿದು ಓಡುತ್ತ ಬಂದಳು. ಟೊಪ್ಪಿಯನ್ನು ತಲೆವಸ್ತ್ರದ ಮೇಲೆ ಎರಡು ಪಿನ್ನು ಚುಚ್ಚಿ ನಿಲ್ಲಿಸಿದ್ದಳು. ಗೌನನ್ನು ಕಳಚಿ ತಾಯಿಯ ಬುರ್ಖಾದ ಮೇಲೆ ಹಾಕಿದಳು. ಕಪ್ಪಿನ ಮೇಲೆ ಕಪ್ಪು, ಏನೂ ವ್ಯತ್ಯಾಸ ಕಾಣಲಿಲ್ಲ. ಟೊಪ್ಪಿ ಮಾತ್ರ ಎಷ್ಟು ಇಟ್ಟರೂ ಜಾರುತ್ತಿತ್ತು.

‘ಅಮ್ಮಿ, ಅಲ್ಲಾಡಬೇಡಿ. ಮಾಮು, ಬೇಗ ತೆಗೀರಿ.’

ಅಕ್ಕ ಒಂದು ಕೈಯಲ್ಲಿ ಟೊಪ್ಪಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಗಳ ಪ್ರಮಾಣಪತ್ರವನ್ನು ಎದೆಗೊತ್ತಿಕೊಂಡು ನಿಂತಳು. ಫೋಟೋ ತೆಗೆದೆವು. ‘ಇದರ ಬಾಡಿಗೆ ಎಷ್ಟು?’ ಎಂದು ಕೇಳಿದಳು. ಮಗಳು ಹೇಳಿದಳು. ಠೇವಣಿ ಬೇರೆ, ನಾಲ್ಕು ಗಂಟೆಯೊಳಗೆ ವಾಪಸು ಕೊಟ್ಟರೆ ಅದು ಮರಳಿ ಬರುತ್ತದೆ ಎಂದಳು. ಆಗಲೇ ಮೂರೂವರೆ. ಗೌನು ಮಡಚಿಕೊಂಡು ಮೂವರೂ ಕೌಂಟರಿನ ಕಡೆ ನಡೆದೆವು. ಸರದಿ ಸಾಲು ಕಟ್ಟಡವನ್ನು ಸುತ್ತಿ ಗೇಟಿನವರೆಗೂ ಬಂದಿತ್ತು.